ಆರು ಊರು, ಹದಿನೇಳು ಶಬ್ದ

ಸೇರು, ಅಚ್ಛೇರು, ಪಾವಶೇರುಗಳ ಕಾಲವನ್ನು ಕಂಡ ಹಿರಿಯರು ಇನ್ನೂ ಕೆಲವು ಮನೆಗಳಲ್ಲಿದ್ದಾರೆ. ಒಂದು ಪೇಟೆಯ ಸೇರು ಇನ್ನೊಂದು ಪೇಟೆಯಲ್ಲಿ ಸೇರಾಗಿ ಉಳಿಯುತ್ತಿರಲಿಲ್ಲವೆಂಬುದನ್ನು ಅವರು ಬಲ್ಲರು. 1956ರಲ್ಲಿ ತೂಕ ಮತ್ತು ಅಳತೆಗಳ ಕಾಯಿದೆ ಬಂದಿತು. 1958ರ ಅಕ್ಟೋಬರ್ ಒಂದರಿಂದ ಕಿಲೋಗ್ರಾಮಿನ ಪದ್ಧತಿ ಹಂತ ಹಂತವಾಗಿ ಪೇಟೆಗಳಿಗೆ ಇಳಿಯಿತು. ಇದರಿಂದ ಲೆಕ್ಕ ಸುಲಭವಾಯಿತೆಂದು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತಲೂ ದೊಡ್ಡದಾಗಿ ತೋರುವ ಲಾಭ ಬೇರೊಂದುಂಟು. ಗಿರಾಕಿಗೆ ಜಗಳವಾಡುವ ಸಾಧನ ದೊರೆಯಿತು. ಮೊದಲು ಅವನು, “ಯಾಕೋ ಕಡಿಮೆಯಾದಂತಿದೆ” ಎಂದು ಗೊಣಗಬಹುದಾಗಿತ್ತು, ಅಷ್ಟೆ. ಅನಂತರ ಮುದ್ರೆಯೊತ್ತಿದ ಕಲ್ಲನ್ನು ತಂದು ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿಟ್ಟು, “ಇಷ್ಟು ಕಡಿಮೆ” ಎಂದು ತೋರಿಸುವ ಹಕ್ಕು ಅವನದಾಯಿತು. ಗೊಣಗಾಟಕ್ಕೂ ದೂರಿಗೂ ನಡುವಣ ಅಂತರ ಇದೇ. ದೂರಿನಲ್ಲಿ ಒಂದು ಕಲ್ಲು ಇರುತ್ತದೆ.

ಗಣಕಯಂತ್ರಗಳ ಲೋಕದಲ್ಲಿಯೂ ಇದೇ ಕಥೆ ಇದೇ ವರ್ಷಗಳಲ್ಲಿಯೇ ನಡೆಯಿತೆಂಬುದು ಸ್ವಾರಸ್ಯದ ಸಂಗತಿ. 1957ರಲ್ಲಿ ಜಾನ್ ಬ್ಯಾಕಸ್ ಎಂಬವರ ತಂಡ ಐಬಿಎಂ ಸಂಸ್ಥೆಯ ಒಂದು ಯಂತ್ರಕ್ಕಾಗಿ ಫೋರ್ಟ್ರಾನ್ ಎಂಬ ಭಾಷೆಯನ್ನು ಕೊಟ್ಟಿತು. ಮನುಷ್ಯನು ಬೀಜಗಣಿತದಂತಿರುವ ಸಾಲುಗಳನ್ನು ಬರೆದರೆ, ಅವುಗಳನ್ನು ಯಂತ್ರದ ಆಜ್ಞೆಗಳಾಗಿ ಪರಿವರ್ತಿಸುವ ದುಭಾಷಿಯೊಂದು ನಡುವೆ ನಿಂತಿರುತ್ತದೆ. ಈ ದುಭಾಷಿಗೆ ಕಂಪೈಲರ್ ಎಂದು ಹೆಸರು. ಕೆಲವೇ ವರ್ಷಗಳಲ್ಲಿ ಯಂತ್ರ ಮಾರುವವರೆಲ್ಲರೂ ತಮ್ಮ ತಮ್ಮ ಫೋರ್ಟ್ರಾನುಗಳನ್ನು ಹೊರಡಿಸಿದರು. ಒಂದರಲ್ಲಿ ನಡೆದ ಲೆಕ್ಕ ಇನ್ನೊಂದರಲ್ಲಿ ನಡೆಯದು. ಪೇಟೆ ಪೇಟೆಗೂ ಬೇರೆ ಸೇರು. 1966ರಲ್ಲಿ ಅಮೆರಿಕದ ಮಾನಕ ಸಂಸ್ಥೆಯು ಆ ಭಾಷೆಗೆ ಒಂದು ಪ್ರಮಾಣಗ್ರಂಥವನ್ನು ಪ್ರಕಟಿಸಿತು. ಆ ಬಳಿಕವೇ, “ನಿಮ್ಮ ದುಭಾಷಿ ತಪ್ಪು ಅನುವಾದ ಮಾಡುತ್ತಿದ್ದಾನೆ” ಎಂದು ಕಲಮು ತೋರಿಸಿ ಹೇಳುವುದು ಸಾಧ್ಯವಾಯಿತು. ಕೋಬಾಲ್ ಎಂಬ ವ್ಯವಹಾರದ ಭಾಷೆಗಾದರೆ ಅಮೆರಿಕದ ನೌಕಾದಳದಲ್ಲಿ ಗ್ರೇಸ್ ಹಾಪರ್ ಎಂಬ ಮಹಿಳೆಯ ಮುಂದಾಳುತನದಲ್ಲಿ ಪರೀಕ್ಷಾ ಪ್ರೋಗ್ರಾಮುಗಳೇ ಸಿದ್ಧವಾದವು. ತೂಕದ ಕಲ್ಲಿಗೆ ಮುದ್ರೆಯೊತ್ತುವ ಇನ್‌ಸ್ಪೆಕ್ಟರರ ಕೆಲಸವನ್ನು ಅವು ಮಾಡುತ್ತಿದ್ದವೆನ್ನಬಹುದು.

ಇಷ್ಟು ಪೀಠಿಕೆ ಏಕೆ ಬೇಕಾಯಿತೆಂದರೆ, ಇಂಥದೊಂದು ಕಲ್ಲು ಈಚೆಗೆ ನಮ್ಮ ಮನೆಯಲ್ಲಿಯೇ ಬೇಕಾಗಿ ಬಂದಿತು.

ಅಣ್ಣನ ಮಗ ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಅಥಣಿ ತಾಲೂಕಿನ ನಮ್ಮ ಸತ್ತಿಗೆ ರಜೆಯಲ್ಲಿ ಬಂದಾಗ, ಹಳೆಯ ಕಾಗದಪತ್ರಗಳಿಂದ ನಾನು ಎತ್ತಿ ಬರೆದಿಟ್ಟಿದ್ದ ಒಂದು ಟಿಪ್ಪಣಿಯಲ್ಲಿ ಯಾವ ಶಬ್ದ ಎಷ್ಟು ಸಲ ಬಂದಿದೆಯೆಂದು ಎಣಿಸಿ ಕೊಡುವೆನೆಂದು ಕುಳಿತನು. ಅವನು ಬಳಸಿದುದು ಪೈಥಾನ್ ಎಂಬ ಭಾಷೆ. ಇಂದು ಶಾಲಾ ಕಾಲೇಜುಗಳಲ್ಲಿ ಮೊದಲಿಗೆ ಕಲಿಸುವುದು ಬಹುಮಟ್ಟಿಗೆ ಅದನ್ನೇ. ಸ್ವಲ್ಪ ಹೊತ್ತಿನ ಮೇಲೆ ಕರೆದನು.

“ಕಾಕಾ, ಇಲ್ಲಿ ನೋಡ್ರಿ. ಬರೇ ಆರ ಊರಿನ ಹೆಸರು ಕೊಟ್ಟೀನಿ. ಹದಿನೇಳ ಶಬ್ದ ಅದಾವಂತ ಹೇಳಾಕತ್ತೈತಿ.”

“ಟೈಪ ಮಾಡೂವಾಗ ಏನರ ಹೆಚ್ಚುಕಮ್ಮಿ ಆಗಿರಬೇಕು, ನೋಡಪಾ.”

“ಇಲ್ಲರಿ ಕಾಕಾ. ಅದ ಹೆಸರು ಇಂಗ್ಲಿಷಿನ್ಯಾಗ ಬರದ್ರ ಆರ ಅಂತೈತಿ.”

ನೋಡಿದೆ. ಚಿಕ್ಕೋಡಿಯು ಚ, ಕ, ಕ, ಡ ಎಂದು ನಾಲ್ಕು ತುಂಡಾಗಿತ್ತು. ನಿಪ್ಪಾಣಿಯ ಗತಿಯೂ ಅದೇ: ನ, ಪ, ಪ, ಣ. ರಾಯಬಾಗವು ರ, ಯಬ, ಗ. ಕಾಗವಾಡವು ಕ, ಗವ, ಡ. ಅಥಣಿ ಮಾತ್ರ ಒಂದೇ ತುಂಡಾಗಿ ಉಳಿದಿತ್ತು, ಆದರೆ ಬಾಲ ಕಳೆದುಕೊಂಡು ಅಥಣ ಆಗಿತ್ತು. ನಮ್ಮ ಸತ್ತಿಯಂತೂ ಸತ ಒಂದು ಕಡೆ, ತ ಒಂದು ಕಡೆ. ನಾಲ್ಕು, ನಾಲ್ಕು, ಮೂರು, ಮೂರು, ಒಂದು, ಎರಡು, ಒಟ್ಟು ಹದಿನೇಳು. ಯಂತ್ರದ ಕೂಡಿಕೆಯಲ್ಲಿ ತಪ್ಪಿರಲಿಲ್ಲ! ಕನ್ನಡ ಎಂಬ ಶಬ್ದವನ್ನೇ ಕೊಟ್ಟು ನೋಡಿದೆವು. ಕನ, ನಡ ಎಂದಿತು. ಕಮಲ, ಗಗನ, ಅಮರ ಮೊದಲಾದ ಹೆಸರಿನವರು ಮಾತ್ರ ಕ್ಷೇಮವಾಗಿ ಪಾರಾಗುತ್ತಿದ್ದರು.

ಇದಾಗುವುದು ಹೇಗೆಂಬುದನ್ನು ತಿಳಿಯಲು ಹೆಚ್ಚಿನ ಪಾಂಡಿತ್ಯವೇನೂ ಬೇಡ. ಕಾಗುಣಿತ ಕಲಿತಿದ್ದರೆ ಸಾಕು. ಜಗತ್ತಿನ ಲಿಪಿಗಳಿಗೆಲ್ಲ ಯೂನಿಕೋಡ್ ಎಂಬ ಒಂದು ಪ್ರಮಾಣವುಂಟು. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಅದರಲ್ಲಿ ಸ್ಥಾನವಿದೆ. ಅದು ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆಯನ್ನು ಕೊಡುತ್ತದೆ. ಆದರೆ ಗುಣಿತಾಕ್ಷರಗಳಿಗೂ ಒತ್ತಕ್ಷರಗಳಿಗೂ ಪ್ರತ್ಯೇಕ ಸಂಖ್ಯೆಗಳಿಲ್ಲ. ಯಂತ್ರದ ಹೊಟ್ಟೆಯಲ್ಲಿ ಸತ್ತಿಯು ಐದು ಬಿಡಿಭಾಗಗಳಾಗಿ ಕುಳಿತಿರುತ್ತದೆ: ಸಕಾರ, ತಕಾರ, ಅದರ ಅಕಾರವನ್ನು ತೆಗೆಯುವ ಹಲಂತ ಚಿಹ್ನೆ, ಇನ್ನೊಂದು ತಕಾರ, ಇಕಾರದ ಗುಣಿತ ಚಿಹ್ನೆ. ಯೂನಿಕೋಡಿನ ಕೋಷ್ಟಕದಲ್ಲಿ ಮೂರು ವ್ಯಂಜನಗಳು ‘ಅಕ್ಷರ’ ಎಂಬ ವರ್ಗಕ್ಕೆ ಸೇರಿದರೆ, ಉಳಿದೆರಡು ‘ಚಿಹ್ನೆ’ ಎಂಬ ವರ್ಗಕ್ಕೆ ಸೇರುತ್ತವೆ. ಇದರಲ್ಲಿ ಅವಮಾನವೇನೂ ಇಲ್ಲ. ಉಗ್ರಾಣದಲ್ಲಿ ಬೇಳೆಯ ಡಬ್ಬ ಒಂದು ಸಾಲಿನಲ್ಲಿ, ಮಸಾಲೆಯ ಡಬ್ಬ ಇನ್ನೊಂದು ಸಾಲಿನಲ್ಲಿ ಇರುವುದಿಲ್ಲವೇ, ಹಾಗೆ.

ತೊಡಕು ಬಂದುದು ಅಡಿಗೆಯ ಮನೆಯಲ್ಲಿ. ಬರಹದಲ್ಲಿ ಶಬ್ದಗಳನ್ನು ಹುಡುಕುವುದಕ್ಕೆ ಈ ಭಾಷೆಗಳಲ್ಲಿ ಒಂದು ಸಂಜ್ಞೆಯಿದೆ. ಹಿಂದಕ್ಕೆ ವಾಲಿದ ಒಂದು ಗೆರೆ, ಅದರ ಮಗ್ಗುಲಲ್ಲಿ ಇಂಗ್ಲಿಷಿನ ಡಬ್ಲ್ಯೂ ಅಕ್ಷರ. ‘ಶಬ್ದದಲ್ಲಿ ಬರತಕ್ಕ ಯಾವುದೇ ಒಂದು ಲಿಪಿಭಾಗ’ ಎಂಬುದು ಅದರ ಅರ್ಥ. ಪೈಥಾನಿನ ದುಭಾಷಿ ಆ ಸಂಜ್ಞೆಯನ್ನು ಕಂಡೊಡನೆ ಅಕ್ಷರ, ಅಂಕೆ, ಅಡಿಗೆರೆ ಇಷ್ಟನ್ನು ಒಳಗೆ ಬಿಟ್ಟುಕೊಂಡು ಚಿಹ್ನೆಗಳನ್ನು ಬಾಗಿಲಲ್ಲಿಯೇ ತಡೆಯುತ್ತದೆ. ಹಲಂತ ಬಂದಲ್ಲಿ ಶಬ್ದ ಮುರಿಯಿತು, ಗುಣಿತ ಬಂದಲ್ಲಿ ಮತ್ತೆ ಮುರಿಯಿತು. ಇಂಗ್ಲಿಷಿಗೆ ಕಾಗುಣಿತವಿಲ್ಲವಾದುದರಿಂದ ಅಲ್ಲಿ ಯಾರಿಗೂ ಬಾಧೆ ತಟ್ಟಲಿಲ್ಲ. ನಮ್ಮ ಗಡಿನಾಡಿನಲ್ಲಿ ಬೋರ್ಡುಗಳ ಮೇಲೆ ಯಾವ ಭಾಷೆ ಮೇಲಿರಬೇಕೆಂದು ಆಗಾಗ ವಾಗ್ವಾದ ನಡೆಯುವುದುಂಟು. ಈ ದುಭಾಷಿ ಆ ವಿಷಯದಲ್ಲಿ ಪಕ್ಷಪಾತವನ್ನೇ ಅರಿಯದು. ಮರಾಠಿಯ ಸತ್ತಿಯನ್ನೂ ಹೀಗೆಯೇ ತುಂಡರಿಸುತ್ತದೆ.

ಇಲ್ಲಿಯವರೆಗಿನದೆಲ್ಲ ಗೊಣಗಾಟ. ಕಲ್ಲು ಎಲ್ಲಿದೆ? ಯೂನಿಕೋಡಿನವರ ಹದಿನೆಂಟನೆಯ ತಾಂತ್ರಿಕ ಮಾನಕವು ಈ ವಿಷಯಕ್ಕಾಗಿಯೇ ಇರುವುದು. ಶಬ್ದದ ಭಾಗವೆಂದು ಯಾವುದನ್ನು ಎಣಿಸಬೇಕೆಂದು ಅದು ಸ್ಪಷ್ಟವಾಗಿ ಹೇಳಿದೆ. ಅಕ್ಷರಗಳು, ಅಂಕೆಗಳು, ಅಡಿಗೆರೆಯಂಥ ಜೋಡಣೆಯ ಗೆರೆಗಳು, ಇವುಗಳ ಜೊತೆಗೆ ಎಲ್ಲ ಬಗೆಯ ಚಿಹ್ನೆಗಳು. ಅಷ್ಟೇ ಅಲ್ಲದೆ ಅರ್ಕಾವೊತ್ತಿನ ಬದಲು ರಕಾರವನ್ನು ಪೂರ್ಣವಾಗಿ ಬರೆಯಬೇಕಾದಾಗ ನಾವು ನಡುವೆ ಸೇರಿಸುವ, ಕಣ್ಣಿಗೆ ಕಾಣದ ಜೋಡಕವೂ ಸಹ. ಈ ಕಲ್ಲನ್ನು ತಕ್ಕಡಿಯಲ್ಲಿಟ್ಟರೆ ಪೈಥಾನಿನ ತಟ್ಟೆ ಮೇಲೇಳುತ್ತದೆ.

ಇದನ್ನು ಮೊದಲು ಕಂಡವರು ನಾವೇನಲ್ಲ. ರೋಮನ್ನೇತರ ಲಿಪಿಗಳಿಗೆ ಈ ಸಂಜ್ಞೆಯಿಂದ ಪ್ರಯೋಜನವಾಗುತ್ತಿಲ್ಲವೆಂಬ ದೂರು 2007ರಲ್ಲಿಯೇ ಪೈಥಾನಿನ ದೂರುಪುಸ್ತಕದಲ್ಲಿ ದಾಖಲಾಗಿತ್ತು. 2011ರ ಆಗಸ್ಟಿನಲ್ಲಿ ಟಾಮ್ ಕ್ರಿಶ್ಚಿಯನ್ಸನ್ ಎಂಬವರು ಇನ್ನೊಂದನ್ನು ಬರೆದರು. ಇವರು ಪರ್ಲ್ ಎಂಬ ಬೇರೊಂದು ಭಾಷೆಯ ಹೆಸರಾಂತ ಗ್ರಂಥಕರ್ತರಲ್ಲಿ ಒಬ್ಬರು. ಪರ್ಲ್ ಈ ಕೆಲಸವನ್ನು ಸರಿಯಾಗಿ ಮಾಡುತ್ತದೆ. ನೆರೆಯ ಅಂಗಡಿಯವನು ಬಂದು ಈ ಅಂಗಡಿಯ ತಕ್ಕಡಿಯನ್ನು ಪರೀಕ್ಷಿಸಿದಂತಾಯಿತು. ಅವರ ದೂರಿನ ಧಾಟಿ ಬಿರುಸಾಗಿಯೇ ಇತ್ತು. ಆದರೆ ಬಿರುಸಿಗಿಂತ ಹೆಚ್ಚಾಗಿ ಅದರಲ್ಲಿ ಕಲಮಿನ ಸಂಖ್ಯೆ ಇತ್ತು. ಇಂತಹ ಪತ್ರಕ್ಕೆ ಇಂತಹ ವಿಭಾಗದ ಪ್ರಕಾರ ಇದು ಉಲ್ಲಂಘನೆ ಎಂದು ಹೇಳಿದ್ದರಿಂದಲೇ ಆ ದೂರನ್ನು ಯಾರೂ ಅಭಿರುಚಿಯ ಮಾತೆಂದು ತಳ್ಳಿಹಾಕುವಂತಿರಲಿಲ್ಲ.

ಹಾಗಾದರೆ ತಪ್ಪು ತಿದ್ದಲ್ಪಟ್ಟಿತೇ? ಇಲ್ಲ. ಹತ್ತು ವರ್ಷ ಕಳೆದ ಮೇಲೂ ಆ ದೂರು ತೆರೆದೇ ಇತ್ತು. ಮೊದಲಿನ ಕೈಪಿಡಿಯಲ್ಲಿ ಈ ಸಂಜ್ಞೆಯು ಯಾವುದೇ ಭಾಷೆಯ ಶಬ್ದದಲ್ಲಿ ಬರಬಹುದಾದ ಬಹುತೇಕ ಭಾಗಗಳಿಗೆ ಹೊಂದುತ್ತದೆಯೆಂಬ ಉದಾರವಾದ ಮಾತಿತ್ತು. ಈಚಿನ ಕೈಪಿಡಿಯು ಅಕ್ಷರ, ಅಂಕೆ, ಅಡಿಗೆರೆ ಎಂದು ಇದ್ದುದನ್ನು ಇದ್ದಂತೆ ಹೇಳುತ್ತದೆ. ತಕ್ಕಡಿಯನ್ನು ತಿದ್ದುವ ಬದಲು ಅಂಗಡಿಯ ಫಲಕವನ್ನು ತಿದ್ದಿದಂತೆ ಇದು ನನಗೆ ತೋರಿತು. ಆದರೆ ಅಂಗಡಿಯವರ ಪಕ್ಷವನ್ನೂ ಹೇಳಬೇಕು. ಈ ಭಾಷೆಯಲ್ಲಿ ಬರೆದ ಪ್ರೋಗ್ರಾಮುಗಳು ಜಗತ್ತಿನಾದ್ಯಂತ ಲೆಕ್ಕವಿಲ್ಲದಷ್ಟಿವೆ. ಇಂದಿನ ನಡತೆಯನ್ನು ನಂಬಿ ನಡೆಯುತ್ತಿರುವ ಪ್ರೋಗ್ರಾಮು, ನಾಳೆ ಸಂಜ್ಞೆಯ ಅರ್ಥ ಬದಲಾದರೆ ಸದ್ದಿಲ್ಲದೆ ಬೇರೆ ಉತ್ತರ ಕೊಟ್ಟೀತು. ತಪ್ಪಾದರೂ ರೂಢಿಯಾದುದನ್ನು ತಿದ್ದುವುದು ಕಷ್ಟವೆಂಬುದು ಮದುವೆಮನೆಯ ಶಾಸ್ತ್ರಗಳಲ್ಲಿ ನಮಗೆ ಚೆನ್ನಾಗಿ ಗೊತ್ತಿರುವ ವಿಷಯವೇ. ಅವಸರವಿರುವವರಿಗಾಗಿ ಪಕ್ಕದ ಬಾಗಿಲೊಂದಿದೆ: ರೆಜೆಕ್ಸ್ ಎಂಬ ಪ್ರತ್ಯೇಕ ಭಂಡಾರವನ್ನು ತರಿಸಿಕೊಂಡರೆ ಅದು ಚಿಹ್ನೆಗಳನ್ನೂ ಸೇರಿಸಿಕೊಂಡು ಆರು ಊರನ್ನು ಆರಾಗಿಯೇ ಎಣಿಸುತ್ತದೆ. ಹುಡುಗನ ಕೆಲಸ ಅಂದು ಸಂಜೆ ಅದರಿಂದಲೇ ಮುಗಿಯಿತು.

ಒಂದು ವಿನೋದವನ್ನು ಹೇಳದೆ ಮುಂದೆ ಹೋಗಲಾರೆ. ಪೈಥಾನಿನಲ್ಲಿ 2008ರ ಮೂರನೆಯ ಆವೃತ್ತಿಯಿಂದ ಕನ್ನಡದ ಹೆಸರುಗಳನ್ನಿಟ್ಟು ಪ್ರೋಗ್ರಾಮು ಬರೆಯಬಹುದು. ಬೀಜಗಣಿತದಲ್ಲಿ ಎಕ್ಸ್ ಎಂದು ಹಿಡಿಯುವಂತೆ ಅಲ್ಲಿ ‘ಸತ್ತಿ’ ಎಂದು ಹಿಡಿಯಬಹುದು; ಇದು ನ್ಯಾಯವಾದ ಹೆಸರೆಂದು ದುಭಾಷಿ ಒಪ್ಪುತ್ತದೆ. ಅದೇ ದುಭಾಷಿ ಮರುಸಾಲಿನಲ್ಲಿ, ಇದು ಶಬ್ದವಲ್ಲ, ಎರಡು ತುಂಡು ಎನ್ನುತ್ತದೆ. ಹೆಸರಿಗೆ ಒಂದು ನಿಯಮ, ಹುಡುಕಾಟಕ್ಕೆ ಇನ್ನೊಂದು. ದೂರು ಬರೆಯುವವನಿಗೆ ಇಂತಹ ಒಳವಿರೋಧ ಸಿಕ್ಕಿದರೆ ಹಬ್ಬ.

ಇನ್ನು ಜಾವಾಸ್ಕ್ರಿಪ್ಟ್ ಎಂಬ ಭಾಷೆಗೆ ಅದೇ ಆರು ಊರುಗಳನ್ನು ಅದೇ ಸಂಜ್ಞೆಯೊಡನೆ ಕೊಟ್ಟರೆ ಉತ್ತರ ಸೊನ್ನೆ. ಒಂದು ಶಬ್ದವೂ ಇಲ್ಲ! ವಾಚಕರು ಇದನ್ನು ಇನ್ನೂ ದೊಡ್ಡ ದೋಷವೆಂದು ತಿಳಿಯಬಹುದು. ಆದರೆ ಅದರ ಪ್ರಮಾಣಗ್ರಂಥವೇ ಆ ಸಂಜ್ಞೆಗೆ ಇಂಗ್ಲಿಷಿನ ಅಕ್ಷರಗಳು, ಹತ್ತು ಅಂಕೆಗಳು, ಒಂದು ಅಡಿಗೆರೆ ಎಂದು ವಿಧಿಸಿಬಿಟ್ಟಿದೆ. ಸೊನ್ನೆಯೆಂದು ಹೇಳಿದ ದುಭಾಷಿಯೇ ಪ್ರಮಾಣಕ್ಕೆ ನಿಷ್ಠವಾದುದು. ಅಲ್ಲಿ ದುಭಾಷಿಯ ಮೇಲೆ ದೂರು ಕೊಟ್ಟು ಫಲವಿಲ್ಲ. ಕಲ್ಲನ್ನು ಕಡೆದವರ ಬಳಿಗೇ ಹೋಗಬೇಕು. ಆ ಮಾತಿಗೆ ಮತ್ತೆ ಬರುತ್ತೇನೆ.

ಉತ್ತರ ಸರಿಯಾಗಿದ್ದು, ಅದು ಬರುವುದರೊಳಗೆ ಮುಪ್ಪು ಬಂದರೆ? ಇದು ಎರಡನೆಯ ಜಾತಿಯ ದೂರು, ನಿಧಾನದ ದೂರು. ಇದರಲ್ಲಿ ಕಲ್ಲು ಸಿಕ್ಕುವುದು ಇನ್ನೂ ಕಷ್ಟ.

1991ರ ಬೇಸಿಗೆಯಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಅಲನ್ ವಿಲ್ಕ್ಸ್ ಮತ್ತು ರಿಕ್ ಬೆಕರ್ ಎಂಬಿಬ್ಬರು ಸಂಖ್ಯೆಗಳ ಒಂದು ಪಟ್ಟಿಯನ್ನು ಏರಿಕೆಯ ಕ್ರಮದಲ್ಲಿ ಜೋಡಿಸಲು ಯಂತ್ರಕ್ಕೆ ಕೊಟ್ಟರು. ಅದಕ್ಕಾಗಿ ಸಿ ಭಾಷೆಯ ಭಂಡಾರದಲ್ಲಿ ಕ್ಯೂಸಾರ್ಟ್ ಎಂಬ ಸಿದ್ಧ ಉಪಕರಣವಿದೆ. ಕೆಲವು ನಿಮಿಷಗಳ ಕೆಲಸವದು. ಗಂಟೆಗಳು ಉರುಳಿದವು. ನಿಲ್ಲಿಸದೆ ಬಿಟ್ಟಿದ್ದರೆ ವಾರಗಟ್ಟಲೆ ನಡೆಯುತ್ತಿತ್ತು. ಬೇರೆಯವರಾಗಿದ್ದರೆ ಯಂತ್ರವನ್ನು ಶಪಿಸಿ ಚಹಕ್ಕೆ ಹೋಗುತ್ತಿದ್ದರು. ಇವರು ಆ ಪಟ್ಟಿಯ ಆಕಾರವನ್ನು ಪರಿಶೀಲಿಸಿದರು. ಸಂಖ್ಯೆಗಳು ಒಂದರಿಂದ ಏರುತ್ತ ಏರುತ್ತ ಶಿಖರಕ್ಕೆ ಹೋಗಿ, ಅದೇ ಮೆಟ್ಟಿಲುಗಳಲ್ಲಿ ಇಳಿಯುತ್ತ ಮತ್ತೆ ಒಂದಕ್ಕೆ ಬರುವಂತಿದ್ದರೆ ಆ ಉಪಕರಣ ಕಂಗೆಡುತ್ತದೆಯೆಂದು ಕಂಡುಹಿಡಿದರು. ಆರ್ಗನ್ ಎಂಬ ವಾದ್ಯದ ಕೊಳವೆಗಳನ್ನು ನಿಲ್ಲಿಸುವ ಕ್ರಮಕ್ಕೆ ಅವರು ಅದನ್ನು ಹೋಲಿಸಿದರು. ನಮಗೆ ಕೃಷ್ಣಾನದಿಯ ಹೋಲಿಕೆಯೇ ಹತ್ತಿರ. ಜೂನಿನಿಂದ ದಿನದಿನಕ್ಕೆ ಏರಿ, ಆಗಸ್ಟಿನಲ್ಲಿ ತುಂಬಿ ಹರಿದು, ಅನಂತರ ಇಳಿಯುತ್ತ ಹೋಗುವ ನೀರಿನ ಮಟ್ಟವನ್ನು ಒಂದರ ಕೆಳಗೊಂದು ಬರೆದರೆ ಏರ್ಪಡುವ ಆಕಾರ ಅದೇ. 2019ರ ಆಗಸ್ಟಿನ ಮಹಾಪೂರವನ್ನು ಕಂಡ ನದೀತೀರದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಈ ಆಕಾರದ ಒಂದು ಲಕ್ಷ ಸಂಖ್ಯೆಗಳಿದ್ದರೆ, ಆ ಉಪಕರಣವು ಐವತ್ತು ಸಾವಿರದ ವರ್ಗದಷ್ಟು, ಅಂದರೆ 250 ಕೋಟಿ ಹೋಲಿಕೆಗಳನ್ನು ಮಾಡುತ್ತಿತ್ತು. ಜಾಣತನದಿಂದ ಮಾಡಿದರೆ ಸುಮಾರು 17 ಲಕ್ಷ ಹೋಲಿಕೆಗಳಲ್ಲಿ ಮುಗಿಯಬೇಕಾದ ಕೆಲಸ. ಇದರಲ್ಲಿ ಪ್ರಮಾಣದ ಉಲ್ಲಂಘನೆ ಏನಾದರೂ ಆಯಿತೇ? ಅಕ್ಷರಶಃ ಆಗಲಿಲ್ಲ. 1989ರ ಸಿ ಭಾಷೆಯ ಪ್ರಮಾಣಗ್ರಂಥವು ಪಟ್ಟಿಯನ್ನು ಜೋಡಿಸಬೇಕೆಂದು ಹೇಳಿದೆ. ಎಷ್ಟು ಹೊತ್ತಿನಲ್ಲಿ ಜೋಡಿಸಬೇಕೆಂದು ಹೇಳಿಲ್ಲ. ಕಬ್ಬನ್ನು ತೂಗಿ ಕೊಡುವೆನೆಂದ ಕಾರಖಾನೆಯವನು ಗಾಡಿಯನ್ನು ಮೂರು ದಿನ ಬಿಸಿಲಿಗೆ ನಿಲ್ಲಿಸಿ ಆಮೇಲೆ ಸರಿಯಾಗಿಯೇ ತೂಗಿದರೆ ತೂಕದ ಕಾಯಿದೆ ಏನು ಮಾಡೀತು? ಆದರೂ ಆ ದೂರು ವ್ಯರ್ಥವಾಗಲಿಲ್ಲ. ಅದೇ ಪ್ರಯೋಗಶಾಲೆಯ ಜಾನ್ ಬೆಂಟ್ಲಿ ಮತ್ತು ಡಗ್ಲಸ್ ಮೆಕಿಲ್‌ರಾಯ್ ಇದರಿಂದ ಪ್ರೇರಿತರಾಗಿ ಹೊಸ ಕ್ಯೂಸಾರ್ಟನ್ನು ಕಟ್ಟಿ, 1993ರಲ್ಲಿ ಅದರ ವಿವರವನ್ನು ಒಂದು ಲೇಖನವಾಗಿ ಪ್ರಕಟಿಸಿದರು. ಆ ಲೇಖನದ ಆರಂಭದಲ್ಲಿಯೇ ಈ ಇಬ್ಬರು ದೂರುದಾರರ ಕಥೆಯಿದೆ. ದೂರುದಾರನಿಗೆ ಇಂತಹ ಗೌರವ ನಮ್ಮ ಕಚೇರಿಗಳಲ್ಲಿ ದೊರೆಯುವುದು ಎಂದಿಗೋ!

ಕಾಲಕ್ರಮದಲ್ಲಿ ಹೊತ್ತಿಗೂ ಒಂದು ಕಲ್ಲು ಬಂದಿತು. ಸಿ ಪ್ಲಸ್ ಪ್ಲಸ್ ಎಂಬ ಭಾಷೆಯ 2011ರ ಪ್ರಮಾಣಗ್ರಂಥವು, ಪಟ್ಟಿಯ ಆಕಾರ ಎಷ್ಟೇ ಕೆಟ್ಟದ್ದಿರಲಿ, ಜೋಡಿಸುವ ಹೋಲಿಕೆಗಳ ಸಂಖ್ಯೆ ಒಂದು ಮಿತಿಯೊಳಗೆ ಇರಬೇಕೆಂದು ವಿಧಿಸಿತು. ವರ್ಗದ ಲೆಕ್ಕದಲ್ಲಿ ಬೆಳೆಯುವಂತಿಲ್ಲ. ಆಗ ನಿಧಾನವೆಂಬುದೇ ನಿಯಮಭಂಗವಾಯಿತು. ಎಲ್‌ಎಲ್‌ವಿಎಂ ಎಂಬ ಪ್ರಖ್ಯಾತ ಕಂಪೈಲರಿನ ಭಂಡಾರವು ಈ ಮಿತಿಯನ್ನು ಮೀರುತ್ತದೆಂದು 2014ರಲ್ಲಿ ದೂರು ದಾಖಲಾಯಿತು. ತಿದ್ದುಪಡಿ ಆದುದು 2021ರ ಕೊನೆಗೆ. ಏಳು ವರ್ಷ ಹಿಡಿದರೂ, ಕಲಮು ಇದ್ದುದರಿಂದ ಆ ದೂರು ಸಾಯಲಿಲ್ಲ.

ನಿಧಾನದ ದೂರನ್ನು ಬರೆಯುವ ಬಗೆ ಒಂದು ಕುಶಲಕಲೆ. “ನಿಮ್ಮ ದುಭಾಷಿ ಬಹಳ ನಿಧಾನ” ಎಂದು ಬರೆದರೆ, “ನಮ್ಮಲ್ಲಿ ಚುರುಕಾಗಿದೆ” ಎಂಬ ಉತ್ತರ ಬರುತ್ತದೆ. ಅವರ ಯಂತ್ರ ಹೊಸದು, ನಿಮ್ಮದು ಹಳೆಯದು. ಆದುದರಿಂದ ಕ್ಷಣಗಳನ್ನು ಬಿಟ್ಟು ಬೆಳವಣಿಗೆಯನ್ನು ತೋರಿಸಬೇಕು. ಸಾವಿರ ಸಾಲುಗಳ ಬರಹವನ್ನು ಕೊಟ್ಟು ಹೊತ್ತನ್ನು ಅಳೆಯಿರಿ. ಎರಡು ಸಾವಿರ ಕೊಡಿ, ನಾಲ್ಕು ಸಾವಿರ ಕೊಡಿ. ಪ್ರತಿ ಸಲ ಹೊತ್ತು ಎರಡರಷ್ಟಾದರೆ ನ್ಯಾಯ. ನಾಲ್ಕರಷ್ಟಾಗುತ್ತ ಹೋದರೆ ಒಳಗೆಲ್ಲೋ ವರ್ಗದ ಲೆಕ್ಕ ಅಡಗಿದೆ. ಎಂಟರಷ್ಟಾದರೆ ಘನದ ಲೆಕ್ಕ. ಈ ಅನುಪಾತವು ಸತ್ತಿಯ ಹಳೆಯ ಯಂತ್ರದಲ್ಲಿಯೂ ಒಂದೇ, ಕ್ಯಾಲಿಫೋರ್ನಿಯದ ಹೊಸ ಯಂತ್ರದಲ್ಲಿಯೂ ಒಂದೇ. ದೂರದ ಊರಿನವನ ಮಾತನ್ನು ದೊಡ್ಡ ಊರಿನವನು ನಿರಾಕರಿಸಲಾರದಂತೆ ಮಾಡುವ ಉಪಾಯ ಇದಕ್ಕಿಂತ ಚೆನ್ನಾದುದು ನನಗೆ ತಿಳಿಯದು.

ಉಳಿದ ನಿಯಮಗಳು ಅರ್ಜಿ ಬರೆಯುವವರಿಗೆಲ್ಲ ಗೊತ್ತಿರುವಂಥವು. ಉದಾಹರಣೆ ಆದಷ್ಟು ಚಿಕ್ಕದಾಗಿರಬೇಕು. ನನ್ನ ನೂರು ಪುಟದ ಟಿಪ್ಪಣಿಯನ್ನು ಕಳಿಸಿದರೆ ಯಾರೂ ಓದರು. ಸತ್ತಿ ಎಂಬ ಒಂದು ಶಬ್ದ ಸಾಕು. ಏನು ಬರಬೇಕಾಗಿತ್ತು, ಏನು ಬಂದಿತು, ಯಾವ ಆವೃತ್ತಿಯಲ್ಲಿ, ಯಾವ ಕಲಮಿನ ಪ್ರಕಾರ ತಪ್ಪು, ಇಷ್ಟಿರಬೇಕು. ಸಿಟ್ಟು ಇರಕೂಡದು. ಮೊದಲೇ ಯಾರಾದರೂ ಅದೇ ದೂರನ್ನು ಕೊಟ್ಟಿದ್ದಾರೆಯೇ ಎಂದು ಹುಡುಕಿ ನೋಡತಕ್ಕದ್ದು. ಕೊಟ್ಟಿದ್ದರೆ ಹೊಸದನ್ನು ಬರೆಯದೆ ಅದರ ಕೆಳಗೆ ನಮ್ಮ ಲಿಪಿಯ ಉದಾಹರಣೆಯೊಂದನ್ನು ಸೇರಿಸುವುದು ಲೇಸು. ಹಣ ಬರುವುದೆಂಬ ಆಸೆ ಬೇಡ. ಡೊನಾಲ್ಡ್ ಕನೂತ್ ಎಂಬ ಮಹಾವಿದ್ವಾಂಸರೊಬ್ಬರು ಮಾತ್ರ ತಮ್ಮ ಗ್ರಂಥಗಳಲ್ಲಿ ತಪ್ಪು ತೋರಿಸಿದವರಿಗೆ ಎರಡು ಡಾಲರು ಐವತ್ತಾರು ಸೆಂಟಿನ ಚೆಕ್ಕು ಬರೆದು ಕೊಡುತ್ತಿದ್ದರು. ಪಡೆದವರಲ್ಲಿ ಅನೇಕರು ಅದನ್ನು ಬ್ಯಾಂಕಿಗೆ ಕಟ್ಟದೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಕೊಂಡರು.

ಈಗ ಕಲ್ಲನ್ನೇ ತಪ್ಪಾಗಿ ಕಡೆದ ಪ್ರಸಂಗಕ್ಕೆ ಬರೋಣ. ಹಳಗನ್ನಡವನ್ನು ಓದಿದವರಿಗೆ ೞ ಎಂಬ ಅಕ್ಷರ ಪರಿಚಿತ; ಇಂದು ನಾವು ಬರೆಯುವ ಎಷ್ಟೋ ಳಕಾರಗಳು ಹಿಂದೆ ೞಕಾರಗಳಾಗಿದ್ದವು. ಯೂನಿಕೋಡಿನ ಪಟ್ಟಿಯಲ್ಲಿ ಈ ಅಕ್ಷರವಿದೆ. ಅದರ ಅಧಿಕೃತ ನಾಮಧೇಯ ಮಾತ್ರ ‘ಕನ್ನಡ ಅಕ್ಷರ ಫಾ’! ಇಂಗ್ಲಿಷಿನ ಎಫ್ ಅಕ್ಷರದ ಫಾ. ಪಂಪನ ಕಾಲದ ಅಕ್ಷರಕ್ಕೆ ಫ್ಯಾನು, ಫೋನುಗಳ ಹೆಸರು ಅಂಟಿಕೊಂಡಿತು. ತಪ್ಪೆಂದು ಯೂನಿಕೋಡಿನವರೇ ಒಪ್ಪಿ ಪಕ್ಕದಲ್ಲಿ ಟಿಪ್ಪಣಿ ಹಾಕಿದ್ದಾರೆ, ಸರಿಯಾದ ಉಪನಾಮವೊಂದನ್ನೂ ಕೊಟ್ಟಿದ್ದಾರೆ. ಮೂಲನಾಮ ಬದಲಾಗದು, ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಾಯಿಸಬಾರದೆಂಬುದು ಅವರ ಶಾಶ್ವತ ನಿಯಮ. ಹೊತ್ತಿಗೆ ಮುಂಚೆ ಒಬ್ಬ ಕನ್ನಡಿಗ ಕರಡನ್ನು ನೋಡಿ ಒಂದು ಕಾರ್ಡು ಹಾಕಿದ್ದರೆ ಇದು ತಪ್ಪುತ್ತಿತ್ತು. ತಡವಾಗಿಯಾದರೂ ಬಂದ ಅರ್ಜಿಗಳಿಗೆ ಫಲವಿಲ್ಲದಿಲ್ಲ: ಶಾಸನಗಳಲ್ಲಿ ಕಾಣುವ ನಕಾರಪೊಲ್ಲು 2021ರ ಆವೃತ್ತಿಯಲ್ಲಿ ಪಟ್ಟಿಗೆ ಸೇರಿತು.

ಇನ್ನೊಂದು ಪ್ರಸಂಗ ಈಚಿನದು, ಇದಕ್ಕಿಂತ ಮುಖ್ಯವಾದುದು. ಓದುವವನ ಕಣ್ಣಿಗೆ ಒಂದಾಗಿ ಕಾಣುವ ಅಕ್ಷರಗಳನ್ನು ಯಂತ್ರ ಎಲ್ಲಿ ಬಿಡಿಸಬಹುದು, ಎಲ್ಲಿ ಬಿಡಿಸಕೂಡದು ಎಂಬುದಕ್ಕೂ ಯೂನಿಕೋಡಿನಲ್ಲಿ ನಿಯಮಗಳಿವೆ. ಅಂಚು ಮುಗಿದಾಗ ಹೆಸರನ್ನು ಎಲ್ಲಿ ಕತ್ತರಿಸಬೇಕು, ಹೆಸರಿನಲ್ಲಿ ಅಕ್ಷರಗಳು ಎಷ್ಟೆಂದು ಹೇಗೆ ಎಣಿಸಬೇಕು ಎಂಬಂತಹ ನೂರು ಚಿಕ್ಕ ನಿರ್ಧಾರಗಳಿಗೆ ದುಭಾಷಿಗಳು ನೋಡುವುದು ಈ ನಿಯಮಗಳನ್ನು. ಬಹುಕಾಲ ಹಲಂತದ ಬಳಿ ಕತ್ತರಿಸಲು ಅವು ಅನುಮತಿ ಕೊಟ್ಟಿದ್ದವು. ತ್ತಿ ಎಂಬುದು ತ್ ಒಂದು, ತಿ ಒಂದು ಎಂದಾಗುತ್ತಿತ್ತು. 2023ರ ಸೆಪ್ಟೆಂಬರಿನಲ್ಲಿ ಬಂದ 15.1ನೆಯ ಆವೃತ್ತಿಯು ಇದನ್ನು ತಿದ್ದಿ, ಒತ್ತಕ್ಷರವನ್ನು ಒಡೆಯಬಾರದೆಂದು ಆರು ಲಿಪಿಗಳಿಗೆ ರಕ್ಷಣೆ ಕೊಟ್ಟಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳ. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ.

ತೆಲುಗು ಲಿಪಿಯೂ ಕನ್ನಡ ಲಿಪಿಯೂ ಒಂದೇ ತಾಯಿಯ ಮಕ್ಕಳು. ಎರಡರಲ್ಲಿಯೂ ಒತ್ತು ಕುಳಿತುಕೊಳ್ಳುವ ಬಗೆ ಒಂದೇ. ಅಕ್ಕನಿಗೆ ಸಿಕ್ಕ ಕೊಡೆ ತಂಗಿಗೆ ಸಿಕ್ಕಲಿಲ್ಲ. ಪ್ರಮಾಣಗ್ರಂಥವನ್ನು ತಪ್ಪಿಲ್ಲದೆ ಪಾಲಿಸುವ ದುಭಾಷಿಯೇ ಕನ್ನಡದ ಒತ್ತಕ್ಷರವನ್ನು ಒಡೆಯುತ್ತದೆಂದ ಮೇಲೆ ಪೈಥಾನಿನವರನ್ನಾಗಲಿ ಇನ್ನೊಬ್ಬರನ್ನಾಗಲಿ ದೂರಿ ಪ್ರಯೋಜನವಿಲ್ಲ. ಯೂನಿಕೋಡಿನವರು ಪ್ರತಿಯೊಂದು ಹೊಸ ಆವೃತ್ತಿಗೂ ಮುನ್ನ ಕರಡನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯವನ್ನು ಕೇಳುತ್ತಾರೆ. ಅದಕ್ಕೆ ಬರೆಯಲು ಪದವಿ ಬೇಡ, ಶಿಫಾರಸು ಬೇಡ, ಶುಲ್ಕವೂ ಇಲ್ಲ. ಅರ್ಜಿಗೆ ಬೇಕಾದ ಉದಾಹರಣೆಯನ್ನು ಹುಡುಗ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದಾನೆ. 15.1ನೆಯ ಆವೃತ್ತಿಯ ನಿಯಮದಂತೆ ತೆಲುಗಿನಲ್ಲಿ ಬರೆದ ಸತ್ತಿಗೆ ಅಕ್ಷರ ಎರಡು. ಕನ್ನಡದಲ್ಲಿ ಬರೆದ ಸತ್ತಿಗೆ ಮೂರು.